ಉಳಿದ ದುಡ್ಡು ಯಾರದು?



ಆದೋನಿಯ ಯಾವುದಾದರೂ ದೊಡ್ಡ ಬೀದಿಯಲ್ಲಿ ಬೋರ್ಡುಗಳನ್ನು ಓದುತ್ತಾ ನಡೆದು ನೋಡಿ. ಒಂದು ಕಡೆ ‘ಅಂಡ್ ಕೋ’, ಇನ್ನೊಂದು ಕಡೆ ‘ಅಂಡ್ ಸನ್ಸ್’, ಸ್ವಲ್ಪ ಮುಂದೆ ‘ಸೊಸೈಟಿ’, ಅದರ ಪಕ್ಕದಲ್ಲೇ ‘ಟ್ರಸ್ಟ್’, ಮಹಡಿಯ ಮೇಲೆ ‘ಫೌಂಡೇಷನ್’, ಕೆಳಗೆ ‘ಫೈನಾನ್ಸ್’. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮಗೆ ಬೋರ್ಡಿನ ಅಕ್ಷರ ಓದುವುದು ಕಷ್ಟವಲ್ಲ. ಆದರೆ ಒಳಗೆ ಕುಳಿತವರು ಯಾರ ಸಲುವಾಗಿ ದುಡಿಯುತ್ತಿದ್ದಾರೆ ಎಂಬುದು ಬೋರ್ಡಿನಿಂದ ತಿಳಿಯುವುದಿಲ್ಲ. ಸೊಸೈಟಿ ಎಂದ ಮಾತ್ರಕ್ಕೆ ಸೇವೆ ಎಂದಲ್ಲ. ಕಂಪನಿ ಎಂದ ಮಾತ್ರಕ್ಕೆ ಸುಲಿಗೆ ಎಂದೂ ಅಲ್ಲ. ಲಾಭಕ್ಕಾಗಿ ನಡೆಯುವ ವ್ಯಾಪಾರ ಯಾವುದು, ಲಾಭದ ಉದ್ದೇಶವಿಲ್ಲದ ಸಂಸ್ಥೆ ಯಾವುದು, ಇವೆರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಎಂಬುದು ಇಂದಿನ ಮಾತಿನ ವಿಷಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ‘ಲಾಭರಹಿತ ಸಂಸ್ಥೆ’ ಎಂದ ಕೂಡಲೇ ಅಲ್ಲಿ ಎಲ್ಲವೂ ಪುಕ್ಕಟೆ, ಕೆಲಸಗಾರರಿಗೆ ಸಂಬಳವಿಲ್ಲ, ವರ್ಷದ ಕೊನೆಗೆ ಪೆಟ್ಟಿಗೆ ಖಾಲಿಯಾಗಿರಬೇಕು ಎಂದು ಬಹಳ ಮಂದಿ ಭಾವಿಸುತ್ತಾರೆ. ಹಾಗೇನಿಲ್ಲ. ಅಂಥ ಸಂಸ್ಥೆ ಶುಲ್ಕ ತೆಗೆದುಕೊಳ್ಳಬಹುದು, ಡಾಕ್ಟರಿಗೂ ಮಾಸ್ತರಿಗೂ ಡ್ರೈವರಿಗೂ ಸಂಬಳ ಕೊಡಬಹುದು, ವರ್ಷದ ಕೊನೆಗೆ ಅದರ ಕೈಯಲ್ಲಿ ದುಡ್ಡು ಉಳಿಯಲೂಬಹುದು. ಆ ಉಳಿದ ದುಡ್ಡು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬಲ್ಲಿ ವ್ಯತ್ಯಾಸವಿದೆ.

ನಮ್ಮ ಕಡೆಯದೇ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹತ್ತಿ ನಮ್ಮ ಬೆಳೆ, ಆದೋನಿ ಹತ್ತಿಯ ಪೇಟೆ. ಒಬ್ಬರು ಜಿನ್ನಿಂಗ್ ಫ್ಯಾಕ್ಟರಿ ಇಟ್ಟಿದ್ದಾರೆ ಎನ್ನಿ. ಯಾರ್ಡಿನಲ್ಲಿ ಹತ್ತಿ ಕೊಂಡರು, ಬೀಜ ಬಿಡಿಸಿದರು, ಬೇಲು ಕಟ್ಟಿಸಿ ಮಾರಿದರು. ಹತ್ತಿಗೆ ಕೊಟ್ಟದ್ದು, ಹಮಾಲಿ, ಕರೆಂಟು, ಬ್ಯಾಂಕಿನ ಬಡ್ಡಿ, ಆಳುಗಳ ಕೂಲಿ, ತೆರಿಗೆ ಎಲ್ಲ ಕಳೆದ ಮೇಲೆ ವರ್ಷಕ್ಕೆ 5 ಲಕ್ಷ ರೂಪಾಯಿ ಉಳಿಯಿತು. ಆ 5 ಲಕ್ಷ ಮಾಲೀಕರದು. ಮಗಳ ಮದುವೆ ಮಾಡಬಹುದು, ಬಳ್ಳಾರಿಯಲ್ಲಿ ಸೈಟು ಕೊಳ್ಳಬಹುದು, ಇನ್ನೊಂದು ಯಂತ್ರ ತರಬಹುದು. ಯಾರೂ ಕೇಳುವ ಹಾಗಿಲ್ಲ. ಕೇಳಬೇಕಾದ ಕಾರಣವೂ ಇಲ್ಲ. ದರ ಬಿದ್ದು 5 ಲಕ್ಷ ನಷ್ಟವಾಗಿದ್ದರೆ ಅದನ್ನೂ ಅವರೇ ಹೊರುತ್ತಿದ್ದರು. ನಷ್ಟ ಹೊರುವವನಿಗೆ ಲಾಭ ಸಲ್ಲುತ್ತದೆ ಎಂಬುದು ವ್ಯಾಪಾರದ ಹಳೆಯ ನ್ಯಾಯ. ಮಾಲೀಕರು ಒಬ್ಬರಲ್ಲ, ನೂರು ಜನ ಷೇರುದಾರರು ಎಂದಾದರೆ ಆ ಹಣ ಷೇರಿನ ಲೆಕ್ಕದಲ್ಲಿ ಅವರಿಗೆ ಹಂಚಿಹೋಗುತ್ತದೆ. ಅದಕ್ಕೆ ಲಾಭಾಂಶ ಎಂದು ಹೆಸರು.

ಈಗ ಅದೇ ಬೀದಿಯಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ ಇದೆ ಎಂದಿಟ್ಟುಕೊಳ್ಳಿ. ಅಲ್ಲಿಯೂ ಚೀಟಿಗೆ ದುಡ್ಡು, ಆಪರೇಷನ್ನಿಗೆ ದುಡ್ಡು. ವರ್ಷದ ಕೊನೆಗೆ ಅಲ್ಲಿಯೂ 5 ಲಕ್ಷ ಉಳಿಯಿತು. ಈ 5 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಟ್ರಸ್ಟಿನ ಅಧ್ಯಕ್ಷರು ‘ಇದು ನನ್ನ ಪಾಲು’ ಎಂದು ಮನೆಗೆ ಒಯ್ಯುವ ಹಾಗಿಲ್ಲ. ಎಕ್ಸ್‌ರೇ ಯಂತ್ರ ಕೊಳ್ಳಬಹುದು, ಬಡ ರೋಗಿಗಳ ಬಿಲ್ಲು ಮನ್ನಾ ಮಾಡಬಹುದು, ಮುಂದಿನ ವರ್ಷಕ್ಕೆ ಇಡಬಹುದು. ಯಾವ ಕೆಲಸಕ್ಕೆಂದು ಸಂಸ್ಥೆ ಹುಟ್ಟಿತೋ ಆ ಕೆಲಸಕ್ಕೇ ಅದು ಮರಳಬೇಕು. ಇಡುವುದಕ್ಕೂ ಮಿತಿಯಿದೆ. ತೆರಿಗೆಯ ವಿನಾಯಿತಿ ಪಡೆದ ಧರ್ಮಸಂಸ್ಥೆ ತನ್ನ ವರಮಾನದಲ್ಲಿ ನೂರಕ್ಕೆ 85ರಷ್ಟನ್ನು ಆ ಉದ್ದೇಶಕ್ಕೆ ಖರ್ಚು ಮಾಡಬೇಕು; ಅದಕ್ಕಿಂತ ಹೆಚ್ಚು ಉಳಿಸಿಡಬೇಕಾದರೆ ಯಾವುದಕ್ಕೆ, ಎಷ್ಟು ವರ್ಷಕ್ಕೆ ಎಂದು ಆದಾಯ ತೆರಿಗೆ ಇಲಾಖೆಗೆ ಬರೆದುಕೊಡಬೇಕು. ಅಧ್ಯಕ್ಷರ ತಮ್ಮನ ಕಟ್ಟಡವನ್ನು ಊರಿನ ದರಕ್ಕಿಂತ ಮೂರು ಪಟ್ಟು ಬಾಡಿಗೆಗೆ ಹಿಡಿದರೆ ಅದೂ ಲಾಭ ಹಂಚಿದ ಹಾಗೆಯೇ ಎಂದು ಕಾನೂನು ಎಣಿಸುತ್ತದೆ. ವಿನಾಯಿತಿ ಹೋಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಆದರೆ ಅದನ್ನು ಕೇಳುವವರು ಕಡಿಮೆ. ಸಂಸ್ಥೆ ಮುಚ್ಚಿಹೋದರೆ ಜಾಗ, ಕಟ್ಟಡ, ಯಂತ್ರ ಯಾರಿಗೆ? ಫ್ಯಾಕ್ಟರಿ ಮುಚ್ಚಿದರೆ ಸಾಲ ತೀರಿ ಉಳಿದದ್ದು ಮಾಲೀಕರಿಗೆ. ಸೊಸೈಟಿ ಮುಚ್ಚಿದರೆ ಸದಸ್ಯರಿಗೆ ಏನೂ ಇಲ್ಲ. 1860ರ ಸೊಸೈಟಿ ನೋಂದಣಿ ಕಾಯ್ದೆಯ 14ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳಿದೆ: ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳಬಾರದು, ಇನ್ನೊಂದು ಸೊಸೈಟಿಗೆ ಕೊಡಬೇಕು. ನೂರೈವತ್ತು ವರ್ಷಕ್ಕೂ ಹಿಂದಿನ ಈ ಮಾತು ಇಡೀ ವಿಷಯದ ಬೀಗದ ಕೈ ಎಂದು ನನಗೆ ಅನ್ನಿಸುತ್ತದೆ. ನಡೆಯುತ್ತಿರುವಾಗ ಎಲ್ಲರೂ ಸೇವೆಯ ಮಾತಾಡುತ್ತಾರೆ. ಮುಚ್ಚುವಾಗ ಯಾರು ಬಾಗಿಲಲ್ಲಿ ನಿಂತು ಪಾಲು ಕೇಳಬಲ್ಲರು ಎಂದು ನೋಡಿದರೆ ಗುಟ್ಟು ಗೊತ್ತಾಗುತ್ತದೆ.

ಇದು ನಮಗೆ ಹೊಸ ವಿಚಾರವಲ್ಲ. ಮಂತ್ರಾಲಯದಲ್ಲಿ ರಾಯರ ಮಠದ ಹುಂಡಿ ಎಣಿಸುತ್ತಾರೆ. ಶ್ರಾವಣದಲ್ಲಿ ಉರುಕುಂದ ಈರಣ್ಣಸ್ವಾಮಿಗೆ ಗಾಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರು ಕಟ್ಟಿಕೊಂಡು, ಹೊಳೆಯ ಆಚೆಯಿಂದಲೂ ಈಚೆಯಿಂದಲೂ ಜನ ಹೋಗಿ ಕಾಣಿಕೆ ಹಾಕಿ ಬರುತ್ತಾರೆ. ಎಣಿಕೆ ಮುಗಿದು ಇಷ್ಟು ಬಂತು ಎಂದು ಪತ್ರಿಕೆಯಲ್ಲಿ ಬಂದರೆ ‘ಈ ಸಲ ಸ್ವಾಮಿಗೆ ಲಾಭ ಎಷ್ಟು’ ಎಂದು ಯಾರೂ ಕೇಳುವುದಿಲ್ಲ. ಅದು ದೇವರ ದುಡ್ಡು. ದೀಪಕ್ಕೆ, ಅನ್ನಕ್ಕೆ, ಛತ್ರಕ್ಕೆ ಹೋಗಬೇಕು ಎಂದು ಓದು ಬಾರದ ಮುದುಕಿಗೂ ಗೊತ್ತು. ದೇವರ ದುಡ್ಡನ್ನು ಮನೆಗೆ ಒಯ್ದವನನ್ನು ಊರು ಏನೆಂದು ಕರೆಯುತ್ತದೆ ಎಂಬುದೂ ಗೊತ್ತು. ಟ್ರಸ್ಟು, ಸೊಸೈಟಿ ಎಂಬ ಇಂಗ್ಲಿಷ್ ಹೆಸರುಗಳ ಹಿಂದೆ ಇರುವುದು ಹೆಚ್ಚುಕಡಿಮೆ ಇದೇ ತಿಳಿವಳಿಕೆ. ದೇವರ ಜಾಗದಲ್ಲಿ ಒಂದು ಉದ್ದೇಶವನ್ನು ಕೂರಿಸಿದ್ದಾರೆ, ಅಷ್ಟೇ.

ಹಾಗಾದರೆ ಶುಲ್ಕ ಯಾಕೆ ಎಂದು ಕೇಳುವವರಿಗೆ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಮಾತು ಹೇಳಬೇಕು. ಡಾಕ್ಟರ್ ಜಿ. ವೆಂಕಟಸ್ವಾಮಿ ಎಂಬುವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಗಳಿಂದ ಅದನ್ನು ಶುರು ಮಾಡಿದರು. ಅದು ಟ್ರಸ್ಟಿನ ಆಸ್ಪತ್ರೆ. ಕೊಡಬಲ್ಲವರು ಕೊಟ್ಟು ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಆ ಉಳಿಕೆಯಿಂದ ಕೊಡಲಾರದವರಿಗೆ ಪುಕ್ಕಟೆಯಾಗಿ, ಇಲ್ಲವೆ ಅಲ್ಪ ಖರ್ಚಿನಲ್ಲಿ ಅದೇ ಆಪರೇಷನ್ ಆಗುತ್ತದೆ. ಕಣ್ಣಿನೊಳಗೆ ಕೂರಿಸುವ ಮಸೂರವನ್ನು ಹೊರದೇಶದಿಂದ ತರಿಸುವುದು ಬಹಳ ದುಬಾರಿಯಾಗಿತ್ತು. 1992ರಲ್ಲಿ ಅವರೇ ಆರೋಲ್ಯಾಬ್ ಎಂಬ ಕಾರ್ಖಾನೆ ಇಟ್ಟು ಮಸೂರ ಮಾಡತೊಡಗಿದರು, ಬೆಲೆ ಹಲವು ಪಟ್ಟು ಇಳಿಯಿತು. ಆ ಕಾರ್ಖಾನೆಯೂ ಟ್ರಸ್ಟಿನದೇ. ದುಡ್ಡು ಬರುತ್ತದೆ, ದುಡ್ಡು ಉಳಿಯುತ್ತದೆ, ಯಾರಿಗೂ ಲಾಭಾಂಶ ಹೋಗುವುದಿಲ್ಲ. ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳುವುದೇ ಪಾಪ ಎಂದು ಕೂತಿದ್ದರೆ ಆ ಆಸ್ಪತ್ರೆ ಹನ್ನೊಂದು ಹಾಸಿಗೆಯಲ್ಲೇ ನಿಲ್ಲುತ್ತಿತ್ತು.

ಶಾಲೆಗಳ ಮಾತು ಸ್ವಲ್ಪ ಇಕ್ಕಟ್ಟಿನದು. ನಮ್ಮ ಮಕ್ಕಳು ಹೋಗುವ ಕಾನ್ವೆಂಟುಗಳ ಹಿಂದೆ ಒಂದು ಸೊಸೈಟಿಯೋ ಟ್ರಸ್ಟೋ ಇರುತ್ತದೆ. ‘ಸೊಸೈಟಿ ಅಂತಾರೆ, ಫೀಜು ನೋಡಿದರೆ ಎದೆ ಒಡೆಯುತ್ತೆ’ ಎಂದು ಹೇಳದ ತಂದೆತಾಯಿ ಇಲ್ಲ. ಈ ಜಗಳ ಸುಪ್ರೀಂ ಕೋರ್ಟಿಗೂ ಹೋಯಿತು. ಹೋದದ್ದು ಕರ್ನಾಟಕದಿಂದಲೇ. ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಷನ್ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಅದರ ಸಾರ ಇಷ್ಟು: ಖಾಸಗಿ ಶಿಕ್ಷಣ ಸಂಸ್ಥೆ ಶುಲ್ಕ ಗೊತ್ತು ಮಾಡಿಕೊಳ್ಳಬಹುದು, ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿತವಾದ ಉಳಿಕೆಯನ್ನೂ ಇಟ್ಟುಕೊಳ್ಳಬಹುದು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಷನ್ ಕೂಡದು. ಮುಂದೆ 2022ರ ಅಕ್ಟೋಬರ್ 19ರಂದು ಇದೇ ಕೋರ್ಟು, ನಮ್ಮ ಆಂಧ್ರದಿಂದ ಹೋದ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿಯ ಪ್ರಕರಣದಲ್ಲಿ, ವಿದ್ಯೆಯ ಹೆಸರಿನಲ್ಲಿ ತೆರಿಗೆ ವಿನಾಯಿತಿ ಬೇಕಾದರೆ ಸಂಸ್ಥೆಯ ಉದ್ದೇಶ ವಿದ್ಯೆ ಒಂದೇ ಆಗಿರಬೇಕು, ಬೇರೆ ಉದ್ದೇಶಗಳ ಜೊತೆಗೆ ವಿದ್ಯೆಯೂ ಒಂದು ಎಂದರೆ ಸಾಲದು ಎಂದು ಬಿಗಿ ಮಾಡಿತು. ಕಾಗದದ ಮೇಲೆ ಗೆರೆ ಸ್ಪಷ್ಟವಾಗಿದೆ. ಬೀದಿಯಲ್ಲಿ ಅದು ಎಷ್ಟು ಅಳಿಸಿಹೋಗಿದೆ ಎಂಬುದನ್ನು ಕೇಳುಗರಿಗೆ ನಾನು ಹೇಳಬೇಕಾಗಿಲ್ಲ.

ಇವೆರಡರ ನಡುವೆ ಮೂರನೆಯದೊಂದಿದೆ. ಅದನ್ನು ನೋಡಲು ಎಮ್ಮಿಗನೂರಿಗೆ ಹೋದರೆ ಸಾಕು. 1938ರಲ್ಲಿ ಮಾಚಾನಿ ಸೋಮಪ್ಪನವರು ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಆ ಸೇವೆಗಾಗಿ ಅವರಿಗೆ 1954ರಲ್ಲಿ ಪದ್ಮಶ್ರೀ ಬಂತು. ಮಗ್ಗದವನ ಕಷ್ಟ ಏನು? ನೂಲು ಸಾಹುಕಾರನದು, ಬಟ್ಟೆ ಕೊಳ್ಳುವವನೂ ಸಾಹುಕಾರನೇ. ನಡುವೆ ಕೈಕಾಲು ಮಾತ್ರ ತನ್ನದು. ನೇಕಾರರೇ ಸೇರಿ ನೂಲನ್ನು ಒಟ್ಟಿಗೆ ತಂದು, ಬಟ್ಟೆಯನ್ನು ಒಟ್ಟಿಗೆ ಮಾರಿದರೆ ಸಾಹುಕಾರ ಇಟ್ಟುಕೊಳ್ಳುತ್ತಿದ್ದ ಉಳಿಕೆ ಮಗ್ಗದವನ ಕಡೆಗೆ ಬರುತ್ತದೆ. ಇದು ದಾನವಲ್ಲ, ಧರ್ಮಸಂಸ್ಥೆಯೂ ಅಲ್ಲ. ಇಲ್ಲಿ ಉಳಿದ ದುಡ್ಡು ಸದಸ್ಯರಿಗೇ ಸೇರುತ್ತದೆ. ಹಾಗೆಂದು ಕಂಪನಿಯೂ ಅಲ್ಲ. ಕಂಪನಿಯಲ್ಲಿ ಸಾವಿರ ಷೇರು ಇದ್ದವನಿಗೆ ಸಾವಿರ ಓಟು, ಒಂದು ಷೇರಿನವನಿಗೆ ಒಂದೇ ಓಟು. ಸಹಕಾರ ಸಂಘದಲ್ಲಿ ಎಷ್ಟು ಷೇರು ಇದ್ದರೂ ತಲೆಗೆ ಒಂದೇ ಓಟು, ಷೇರಿನ ಮೇಲಿನ ಲಾಭಾಂಶಕ್ಕೆ ಕಾನೂನಿನ ಮಿತಿ ಬೇರೆ. ಕರ್ನಾಟಕದ ನಂದಿನಿ ಹಾಲಿನ ಹಿಂದೆ ಇರುವುದೂ ಇದೇ ಜಾತಿಯ ಸಂಘಗಳು. ಸೊಸೈಟಿ ಎಂಬ ಒಂದೇ ಮಾತನ್ನು ನಾವು ಹಾಲಿನ ಸೊಸೈಟಿಗೂ ಶಾಲೆಯ ಸೊಸೈಟಿಗೂ ಸಾಲದ ಸೊಸೈಟಿಗೂ ಬಳಸುತ್ತೇವೆ. ಗೊಂದಲ ಹುಟ್ಟುವುದು ಅರ್ಧ ಅಲ್ಲಿಂದಲೇ.

ಇನ್ನು ನಮ್ಮ ಹೆಣ್ಣುಮಕ್ಕಳಿಗೆ ನೇರವಾಗಿ ತಟ್ಟಿದ ಒಂದು ಕಥೆಗೆ ಬರೋಣ. ಇದು ನಡೆದದ್ದು ಇದೇ ರಾಜ್ಯದಲ್ಲಿ, ಆಂಧ್ರ ಇನ್ನೂ ಒಂದಾಗಿದ್ದ ಕಾಲದಲ್ಲಿ.

1997ರಲ್ಲಿ ವಿಕ್ರಮ್ ಆಕುಲ ಎಂಬ, ಅಮೆರಿಕದಲ್ಲಿ ಬೆಳೆದ ತೆಲುಗು ಯುವಕರು ಮೆದಕ್ ಜಿಲ್ಲೆಯ ನಾರಾಯಣಖೇಡ ಕಡೆ ‘ಸ್ವಯಂ ಕೃಷಿ ಸಂಗಮ್’ ಎಂಬ ಸಂಸ್ಥೆ ಕಟ್ಟಿದರು. ಅದೂ ನಮ್ಮ ಹಾಗೆ ಗಡಿಯ ಸೀಮೆ, ಆಚೆಗೆ ಬೀದರ್. ಸಂಸ್ಥೆ ಲಾಭರಹಿತವಾದದ್ದು. ದಾನಿಗಳಿಂದ ಬಂದ ಹಣವನ್ನು ಬಡ ಹೆಂಗಸರಿಗೆ ಅಡವಿಲ್ಲದೆ ಸಣ್ಣ ಸಾಲವಾಗಿ ಕೊಡುವುದು, ವಾರವಾರ ಕಂತು ಕಟ್ಟಿಸಿಕೊಳ್ಳುವುದು. ಬಾಂಗ್ಲಾದೇಶದಲ್ಲಿ ಮಹಮ್ಮದ್ ಯೂನುಸ್ ಗ್ರಾಮೀಣ ಬ್ಯಾಂಕಿನಲ್ಲಿ ತೋರಿಸಿದ ದಾರಿ ಅದು. ಹೆಂಗಸರು ಎಮ್ಮೆ ತಂದರು, ಹೊಲಿಗೆ ಯಂತ್ರ ತಂದರು, ಕಂತನ್ನೂ ಕಟ್ಟಿದರು.

ಕೆಲಸ ಬೆಳೆಯಿತು, ದಾನದ ದುಡ್ಡು ಸಾಲದಾಯಿತು. 2005ರಲ್ಲಿ ಅದು ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಎಂಬ ಲಾಭದ ಕಂಪನಿಯಾಯಿತು. ಇಲ್ಲಿ ಒಂದು ಕಾನೂನಿನ ತೊಡಕಿತ್ತು. ಲಾಭರಹಿತ ಸಂಸ್ಥೆಯ ಹಣ ಯಾರ ಸ್ವಂತದ್ದೂ ಅಲ್ಲ, ಅದನ್ನು ಕಂಪನಿಗೆ ಸುಮ್ಮನೆ ಬರೆದುಕೊಡಲು ಬರುವುದಿಲ್ಲ. ಅದಕ್ಕೆ ಸಾಲಗಾರ ಹೆಂಗಸರ ಹೆಸರಿನಲ್ಲಿ ಟ್ರಸ್ಟುಗಳನ್ನು ಮಾಡಿ, ದಾನದ ಹಣವನ್ನು ಆ ಟ್ರಸ್ಟುಗಳಿಗೆ ಕೊಟ್ಟು, ಟ್ರಸ್ಟುಗಳು ಕಂಪನಿಯ ಷೇರು ಕೊಳ್ಳುವಂತೆ ಮಾಡಿದರು. ಕಾಗದದಲ್ಲಿ ಹಳ್ಳಿಯ ಹೆಂಗಸರೇ ಒಡೆಯರು. ಆದರೆ ಮುಂದೆ ಹೊರಗಿನ ದೊಡ್ಡ ಹೂಡಿಕೆದಾರರು ಬಂದಂತೆ ಅವರ ಪಾಲು ಕಿರಿದಾಗುತ್ತಾ ಹೋಯಿತು. 2010ರ ಜುಲೈ ಕೊನೆಯಲ್ಲಿ ಕಂಪನಿ ಷೇರುಪೇಟೆಗೆ ಬಂತು. ಒಂದು ಷೇರಿಗೆ 985 ರೂಪಾಯಿ. 1,600 ಕೋಟಿ ರೂಪಾಯಿಗೂ ಹೆಚ್ಚು ಎತ್ತಿದರು. ಮಾರಿದ ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸವಲ್ಲ, ಹಳೆಯ ಷೇರುದಾರರು ಕೈಬಿಟ್ಟವು. ಅಂದರೆ ಆ ದುಡ್ಡು ಮತ್ತೆ ಸಾಲವಾಗಿ ಹಳ್ಳಿಗೆ ಬರಲಿಲ್ಲ, ಮಾರಿದವರ ಕೈಗೆ ಹೋಯಿತು.

ಇದರಲ್ಲಿ ತಪ್ಪೇನು ಎಂದು ಆಕುಲರ ವಾದ. ಕೋಟಿಗಟ್ಟಲೆ ಬಡವರಿಗೆ ಸಾಲ ಕೊಡುವಷ್ಟು ದುಡ್ಡು ದಾನಿಗಳ ಬಳಿ ಇಲ್ಲ, ಷೇರುಪೇಟೆಯ ಬಳಿ ಇದೆ ಎಂದರು. ಬಡವರಿಂದ ಲಾಭ ಎತ್ತುವ ಆಸೆಯನ್ನು ಷೇರುಪೇಟೆಗೆ ಹುಟ್ಟಿಸಬಾರದು ಎಂದು ಯೂನುಸ್ ಬಹಿರಂಗವಾಗಿ ವಿರೋಧಿಸಿದರು. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಒಂದು ಬದಲಾವಣೆ ಆಗಿಹೋಗಿತ್ತು. ಮೊದಲು ಸಂಸ್ಥೆಗೆ ‘ಆ ಹೆಣ್ಣುಮಗಳ ಬಾಳು ಸುಧಾರಿಸಿತೇ’ ಎಂದು ಕೇಳುವ ದಾನಿ ಇದ್ದ. ಈಗ ‘ಈ ಮೂರು ತಿಂಗಳಲ್ಲಿ ಸಾಲ ಎಷ್ಟು ಬೆಳೆಯಿತು’ ಎಂದು ಕೇಳುವ ಷೇರುದಾರ ಬಂದ. ಅಂಥ ಕಂಪನಿಗಳು ಹಲವು, ಎಲ್ಲವೂ ಒಂದೇ ಹಳ್ಳಿಗೆ ಬಂದವು. ಒಬ್ಬಳೇ ಹೆಂಗಸಿಗೆ ನಾಲ್ಕು ಕಡೆ ಸಾಲ. ಒಂದನ್ನು ತೀರಿಸಲು ಇನ್ನೊಂದು. ಕಂತು ತಪ್ಪಿದರೆ ಗುಂಪಿನ ಹೆಂಗಸರನ್ನೇ ಅವಳ ಬಾಗಿಲಿಗೆ ಕೂರಿಸುವುದು. ಆತ್ಮಹತ್ಯೆಗಳ ಸುದ್ದಿ ಜಿಲ್ಲೆ ಜಿಲ್ಲೆಯಿಂದ ಬಂತು. 2010ರ ಅಕ್ಟೋಬರ್ 15ರಂದು, ಷೇರುಪೇಟೆಗೆ ಬಂದು ಮೂರು ತಿಂಗಳು ತುಂಬುವ ಮೊದಲೇ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ಕೊಡುವವರು ಜಿಲ್ಲೆಯಲ್ಲಿ ನೋಂದಾಯಿಸಬೇಕು, ಬಡ್ಡಿ ಎಷ್ಟೆಂದು ಬರೆದು ಹಾಕಬೇಕು, ಮನೆಬಾಗಿಲಿಗೆ ಹೋಗಿ ಪೀಡಿಸಬಾರದು, ಕಂತು ವಾರಕ್ಕಲ್ಲ ತಿಂಗಳಿಗೆ. ರಾಜ್ಯದಲ್ಲಿ ವಸೂಲಿ ಬಹುಪಾಲು ನಿಂತೇಹೋಯಿತು. 2011ರ ಜನವರಿಯಲ್ಲಿ ರಿಸರ್ವ್ ಬ್ಯಾಂಕಿನ ಮಾಲೆಗಾಂ ಸಮಿತಿ ಬಡ್ಡಿಗೆ ನೂರಕ್ಕೆ 24ರ ಮಿತಿ ಹಾಕಲು ಸಲಹೆ ಮಾಡಿತು. ಎಸ್‌ಕೆಎಸ್ ಮುಂದೆ 2016ರಲ್ಲಿ ಹೆಸರು ಬದಲಿಸಿ ಭಾರತ್ ಫೈನಾನ್ಷಿಯಲ್ ಇನ್‌ಕ್ಲೂಷನ್ ಆಯಿತು, 2019ರಲ್ಲಿ ಇಂಡಸ್‌ಇಂಡ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಈ ಕಥೆಯ ಜೊತೆಗೆ ಕನ್ನಡನಾಡಿನ ಇನ್ನೊಂದನ್ನೂ ಇಟ್ಟು ನೋಡಬೇಕು. ಮೈರಾಡಾ ಎಂಬ ಸಂಸ್ಥೆ 1968ರಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡುವ ಕೆಲಸದಿಂದ ಶುರುವಾಯಿತು. 1980ರ ದಶಕದ ನಡುವೆ ಅದು ಹಳ್ಳಿಯ ಚಿಕ್ಕ ಚಿಕ್ಕ ಗುಂಪುಗಳು ತಾವೇ ಉಳಿಸಿ, ತಾವೇ ಸಾಲ ಕೊಟ್ಟುಕೊಳ್ಳುವುದನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ನಾವು ಡ್ವಾಕ್ರಾ ಎಂದೂ ಪೊದುಪು ಸಂಘ ಎಂದೂ ಕರೆಯುವ ಸಂಘಗಳಿಗೆ ಬ್ಯಾಂಕಿನ ಬಾಗಿಲು ತೆರೆದದ್ದು ಈ ದಾರಿಯಿಂದಲೇ. ಗುಂಪುಗಳಿಗೆ ಹೆಚ್ಚು ಸಾಲ ಬೇಕಾದಾಗ ಮೈರಾಡಾ ಕೂಡ ಒಂದು ಕಂಪನಿಯನ್ನೇ ಹುಟ್ಟಿಸಿತು, ಅದರ ಹೆಸರು ಸಂಘಮಿತ್ರ. ಆದರೆ ಅದನ್ನು ಹಳೆಯ ಕಂಪನಿ ಕಾಯ್ದೆಯ 25ನೇ ಕಲಂ ಪ್ರಕಾರ ನೋಂದಾಯಿಸಿದರು. 2013ರ ಕಾಯ್ದೆಯಲ್ಲಿ ಅದೇ 8ನೇ ಕಲಂ. ಹೆಸರಿಗೆ ಕಂಪನಿ, ಬಡ್ಡಿಯನ್ನೂ ತೆಗೆದುಕೊಳ್ಳುತ್ತದೆ, ಆದರೆ ಲಾಭಾಂಶ ಹಂಚುವ ಹಾಗಿಲ್ಲ. ಷೇರುಪೇಟೆಯಲ್ಲಿ 985ಕ್ಕೆ ಮಾರುವ ದಾರಿಯೇ ಅಲ್ಲಿ ಮುಚ್ಚಿದೆ. ಆದ್ದರಿಂದ ಅದು ಅಷ್ಟು ವೇಗವಾಗಿ ಬೆಳೆಯಲೂ ಇಲ್ಲ. ಎರಡೂ ಬಡ ಹೆಂಗಸರಿಗೆ ಸಾಲ ಕೊಡುವ ಕೆಲಸ. ಉಳಿದ ದುಡ್ಡಿಗೆ ಹಾಕಿದ ಬೇಲಿ ಬೇರೆ ಬೇರೆ.

ಇಷ್ಟು ಹೇಳಿದ್ದರಿಂದ ಲಾಭದ ವ್ಯಾಪಾರವನ್ನು ಬೈದೆ ಎಂದು ತಿಳಿಯಬಾರದು. ಯಾರ್ಡಿನಲ್ಲಿ ನಮ್ಮ ಹತ್ತಿಗೆ ಹತ್ತು ಜನ ವ್ಯಾಪಾರಿಗಳು ಪೈಪೋಟಿಯಿಂದ ದರ ಕೂಗುವುದು ಲಾಭದ ಆಸೆಯಿಂದಲೇ, ಆ ಆಸೆ ಇಲ್ಲದಿದ್ದರೆ ನಮ್ಮ ಹತ್ತಿ ಗಾಡಿಯಲ್ಲೇ ಉಳಿಯುತ್ತದೆ. ಅಂಗಡಿಯವನ ಮಾಲು ಕೆಟ್ಟದ್ದಾದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ಧರ್ಮಸಂಸ್ಥೆಯ ಕೆಲಸ ಕೆಟ್ಟರೆ ಪುಕ್ಕಟೆ ಬಂದದ್ದಕ್ಕೆ ಜಗಳವೇಕೆ ಎಂದು ಬಡವ ಸುಮ್ಮನಾಗುತ್ತಾನೆ. ಮಾಲೀಕನಿಲ್ಲದ ಮನೆಯಲ್ಲಿ ಕಾವಲು ಸಡಿಲ. ಅದು ಈ ಸಂಸ್ಥೆಗಳ ಮೊದಲ ಕೊರತೆ.

ಎರಡನೆಯ ಕೊರತೆ, ದಾನಿಯ ಕೈ ನಿಂತರೆ ಕೆಲಸವೂ ನಿಲ್ಲುತ್ತದೆ. ಪಕ್ಕದ ಅನಂತಪುರದಲ್ಲಿ ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಆರಂಭಿಸಿದ ಆರ್‌ಡಿಟಿ, ಅಂದರೆ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ನಮಗೆಲ್ಲ ಗೊತ್ತು. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲಿನ ಆಸ್ಪತ್ರೆಗಳು, ಮನೆಗಳು, ಶಾಲೆಗಳು. ಅದಕ್ಕೆ ಬಹುಪಾಲು ಹಣ ಸ್ಪೇನ್ ದೇಶದ ಸಾಮಾನ್ಯ ಕುಟುಂಬಗಳ ದೇಣಿಗೆಯಿಂದ ಬಂದದ್ದು. ಹೊರದೇಶದ ದೇಣಿಗೆ ತೆಗೆದುಕೊಳ್ಳಲು ಕೇಂದ್ರ ಸರ್ಕಾರದ ಪ್ರತ್ಯೇಕ ನೋಂದಣಿ ಬೇಕು. 2025ರಲ್ಲಿ ಅದರ ನವೀಕರಣಕ್ಕೆ ತಡೆ ಬಿದ್ದಾಗ ಅನಂತಪುರದ ಜನ ಬೀದಿಗಿಳಿದರು. ಲಾಭದ ಕಂಪನಿಯೊಂದರ ಲೈಸೆನ್ಸು ಉಳಿಸಲು ಅದರ ಗಿರಾಕಿಗಳು ಹಾಗೆ ಬೀದಿಗಿಳಿದದ್ದನ್ನು ನಾನಂತೂ ಕೇಳಿಲ್ಲ. ಕಂಪನಿಗಳೂ ಈಗ ದಾನ ಮಾಡುತ್ತವೆ. 2013ರ ಕಂಪನಿ ಕಾಯ್ದೆ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವಿರುವಂಥ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂದು ಹೇಳಿದೆ. ಶಾಲೆಯ ಗೋಡೆಯ ಮೇಲೆ ಕಂಪನಿಯ ಹೆಸರು ಕಂಡರೆ ಅದು ಬಹುಮಟ್ಟಿಗೆ ಈ ಎರಡು ರೂಪಾಯಿ. ಅದರಿಂದ ಕಂಪನಿ ಧರ್ಮಸಂಸ್ಥೆ ಆಗುವುದಿಲ್ಲ, ಮಿಕ್ಕ ತೊಂಬತ್ತೆಂಟು ಷೇರುದಾರರದೇ.

ಇನ್ನು ನಿತ್ಯದ ಬಳಕೆಗೆ ಬರುವ ಒಂದೆರಡು ಮಾತು. ಮನೆಯ ಮುಂದೆ ಒಬ್ಬರು ರಸೀದಿ ಪುಸ್ತಕ ಹಿಡಿದು ಬಂದರೆ, ರಸೀದಿಯ ಮೇಲೆ ಸಂಸ್ಥೆಯ ನೋಂದಣಿ ಸಂಖ್ಯೆ, ವಿಳಾಸ ಇವೆಯೇ ನೋಡಿ. ಇಲ್ಲದಿದ್ದರೆ ಕೊಡುವುದು ನಿಮ್ಮ ಇಷ್ಟ, ಆದರೆ ಅದನ್ನು ದೇಣಿಗೆ ಎನ್ನಬೇಡಿ. ನೋಂದಣಿ ಎಲ್ಲಿ ಎಂಬಲ್ಲಿ ನಮಗೊಂದು ಗಡಿಯ ತೊಡಕಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ನೆಂಟರು ಅಲ್ಲಿಯೇ ಉಳಿದರು. ಹಾಗಾಗಿ ಸಿರಿಗುಪ್ಪದ ಸೊಸೈಟಿ ಕರ್ನಾಟಕದ 1960ರ ಕಾಯ್ದೆಗೆ, ಆದೋನಿಯ ಸೊಸೈಟಿ ಆಂಧ್ರದ 2001ರ ಕಾಯ್ದೆಗೆ ಸೇರಿದ್ದು. ಎರಡೂ ಕಡೆ ಕನಿಷ್ಠ ಏಳು ಜನ ಸದಸ್ಯರು ಬೇಕು, ಬೈಲಾ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಓದಬೇಕು. ಟ್ರಸ್ಟಾದರೆ ಟ್ರಸ್ಟ್ ಡೀಡು ಸಬ್‌ರಿಜಿಸ್ಟ್ರಾರ್ ಕಛೇರಿಯಲ್ಲಿ ನೋಂದಣಿಯಾಗಿರುತ್ತದೆ. ಊರಿನವರೇ ಸೇರಿ ಶಾಲೆಗೋ ಭಜನಾ ಮಂದಿರಕ್ಕೋ ಸಂಸ್ಥೆ ಕಟ್ಟುವುದಾದರೆ, ಮುಚ್ಚಿದಾಗ ಆಸ್ತಿ ಯಾರಿಗೆ ಎಂಬ ಸಾಲನ್ನು ಬೈಲಾದಲ್ಲಿ ಮೊದಲ ದಿನವೇ ಬರೆಸಿ. ಊರಲ್ಲಿ ಎರಡು ಪಂಗಡವಾದ ಮೇಲೆ ಬರೆಸಲು ಆಗುವುದಿಲ್ಲ.

ಸಾಲದ ಕಾಗದ ಹಿಡಿದು ಬಂದವರನ್ನು ಬೇರೆ ರೀತಿ ಕೇಳಬೇಕು. ‘ಅಕ್ಕಾ, ನಮ್ಮದು ಸಂಘ, ನಿಮ್ಮ ಒಳ್ಳೇದಕ್ಕೇ’ ಎಂದು ಆತ ಹೇಳಿದರೆ, ‘ತಮ್ಮಾ, ನಮ್ಮ ಡ್ವಾಕ್ರಾದಲ್ಲಿ ಬಡ್ಡಿ ಉಳಿದರೆ ನಮ್ಮ ಪುಸ್ತಕಕ್ಕೇ ಬರುತ್ತೆ, ನಿಮ್ಮದರಲ್ಲಿ ಎಲ್ಲಿಗೆ ಹೋಗುತ್ತೆ?’ ಎಂದು ಕೇಳಿ. ಕಂಪನಿಗೆ ಎಂದರೆ ಅದು ವ್ಯಾಪಾರ. ವ್ಯಾಪಾರದ ಹಾಗೆಯೇ ದರ ಕೇಳಿ, ವರ್ಷಕ್ಕೆ ನೂರಕ್ಕೆ ಎಷ್ಟು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಸಂಘದ ಮುಲಾಜು ಬೇಡ. ರಿಸರ್ವ್ ಬ್ಯಾಂಕು 2022ರಲ್ಲಿ ಬಡ್ಡಿಯ ಮಿತಿಯನ್ನು ತೆಗೆದುಹಾಕಿತು. ಅದರ ಬದಲು, ವರ್ಷಕ್ಕೆ 3 ಲಕ್ಷದವರೆಗೆ ವರಮಾನವಿರುವ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು ಎಂದು ನಿಯಮ ಮಾಡಿತು. ತಿಂಗಳಿಗೆ 12,000 ಬರುವ ಮನೆಗೆ ಎಲ್ಲ ಕಂತು ಸೇರಿ 6,000 ಮೀರಿದರೆ ಹೊಸ ಸಾಲ ಕೊಡುವವನೇ ನಿಯಮ ಮುರಿದಂತೆ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಹೊಳೆಯಾಚೆಯ ತವರಿನಲ್ಲಿ ಸಾಲ ಮಾಡಿದ ಹೆಣ್ಣುಮಕ್ಕಳು ಆ ಕಡೆಯ ಪೊಲೀಸ್ ಠಾಣೆಯಲ್ಲಿ, ಈ ಕಡೆ ಮಾಡಿದವರು ಈ ಕಡೆಯ ಠಾಣೆಯಲ್ಲಿ ದೂರು ಕೊಡಬಹುದು. ಕಾಗದ ಇಂಗ್ಲಿಷಿನಲ್ಲಿದ್ದರೆ ಸಹಿ ಮಾಡುವ ಮುಂಚೆ ಶಾಲೆಗೆ ಹೋಗುವ ಮಗುವಿನ ಕೈಲಾದರೂ ಓದಿಸಿಕೊಳ್ಳಿ.